ಕಾಲೇಜಿನ ‘ಹಸಿರು ಯೋಜನೆ’ಯ ನೆರಳು ಯಾರಿಗೆ ಸಿಗ್ತದೆ? ಕಲಬುರಗಿ, ಕಮಲಾಪುರದವರಿಗೆ ತಿಳಿದಿರಬೇಕಾದ ಮಾಹಿತಿ

ಕಲಬುರಗಿ: ಜೂನ್ 5 ಬಂತಂದ್ರೆ ಎಲ್ಲ ಕಾಲೇಜಿನಲ್ಲೂ ಒಂದು ಫೋಟೊ ಗ್ಯಾರಂಟಿ. ಪ್ರಾಚಾರ್ಯರು, ಮುಖ್ಯ ಅತಿಥಿಗಳು, ನಾಲ್ಕಾರು ವಿದ್ಯಾರ್ಥಿಗಳು ಸೇರಿ ಒಂದು ಸಸಿಗೆ ನೀರು ಹಾಕ್ತಿರೋ ಫೋಟೊ. ಆ ಸಸಿ ಮುಂದಿನ ಬೇಸಿಗೆ ತನಕ ಉಳೀತದೋ ಇಲ್ಲೋ, ಅದು ಬೇರೆ ಮಾತು. ಆದರೆ ಅದೇ ಕಾಲೇಜಿನ ಮೇಲಿನ ಮಹಡಿಯಲ್ಲಿ ಏಪ್ರಿಲ್ ಮಧ್ಯಾಹ್ನ ಕೂತು ಪಾಠ ಕೇಳೋ ತಾಂಡಾದ ಹುಡುಗಿ, ಅವಳು ನಿಂತುಕೊಂಡೇ ಬಂದ ಬಸ್ಸು, ಶೌಚಾಲಯದಲ್ಲಿ ನೀರಿಲ್ಲ ಅಂತ ಅವಳು ದಿನವಿಡೀ ಕುಡಿಯದೇ ಬಿಟ್ಟ ನೀರು, ಇವೆಲ್ಲ ಕಾಲೇಜಿನ ಪರಿಸರ ಯೋಜನೆಯಲ್ಲಿ ಬರ್ತಾವೋ ಇಲ್ಲವೋ? ಬರಬೇಕು ಅಂತ ನಿಯಮಗಳೇ ಹೇಳ್ತಾವೆ. ಹೇಗೆ ಅನ್ನೋದನ್ನ ಇಲ್ಲಿ ವಿವರವಾಗಿ ನೋಡೋಣ. ಮಕ್ಕಳನ್ನ ಕಾಲೇಜಿಗೆ ಕಳಿಸೋರಿಗೂ, ಕಾಲೇಜಿನ ಎದುರು ಅಂಗಡಿ ಇಟ್ಟೋರಿಗೂ ಇದು ಸಂಬಂಧಪಟ್ಟ ವಿಷಯ.

ಯಾವ ಕಾಲೇಜಿನ ಮಾತು ಇದು?

ಅಮೆರಿಕದಲ್ಲಿ ‘ಕಮ್ಯುನಿಟಿ ಕಾಲೇಜು’ ಅಂತ ಇರ್ತಾವೆ. ಫೀ ಕಮ್ಮಿ, ಎರಡು ವರ್ಷದ ಕೋರ್ಸು, ಊರಿನ ಹತ್ತಿರವೇ ಇರೋ ಕಾಲೇಜು. ದುಡಿಯೋರ ಮನೆ ಮಕ್ಕಳು ಹೆಚ್ಚು ಓದೋದು ಅಲ್ಲೇ. 1901ರಲ್ಲಿ ಜೋಲಿಯೆಟ್ ಅನ್ನೋ ಊರಲ್ಲಿ ಶುರುವಾದದ್ದು ಇವುಗಳಲ್ಲಿ ಹಳೆಯದು. ಭಾರತದಲ್ಲಿ 1995ರಲ್ಲಿ ಪುದುಚೇರಿಯಲ್ಲಿ ಈ ಹೆಸರಿನ ಕಾಲೇಜು ಬಂತು, ಆಮೇಲೆ ಯುಜಿಸಿಯೂ ಒಂದು ಯೋಜನೆ ತಂತು. ಆದರೆ ನಮ್ಮ ಕಡೆ ಆ ಕೆಲಸ ಮಾಡ್ತಿರೋದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ಪಾಲಿಟೆಕ್ನಿಕ್, ಐಟಿಐಗಳೇ. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದ್ತಿರೋರು, ಹೊಲದ ಕೆಲಸ ಮುಗಿಸಿ ಬರೋರು, ಅಪ್ಪ-ಅವ್ವ ದುಡಿಯಾಕ ಮುಂಬೈ, ಪುಣೆ, ಬೆಂಗಳೂರಿಗೆ ಹೋದಾಗ ಅಜ್ಜಿ ಜೊತೆ ಉಳಿದು ಓದೋರು ಸೇರೋದು ಇಲ್ಲಿಗೆ. ಹಂಗಾಗಿ ಈ ಲೇಖನದಲ್ಲಿ ಕಾಲೇಜು ಅಂದ್ರೆ ಇವೇ.

ಪರಿಸರ ನ್ಯಾಯ ಅಂದ್ರೇನು?

ಮಾತು ದೊಡ್ಡದು, ಅರ್ಥ ಸರಳ. ಹೊಗೆ, ಧೂಳು, ಕಸ, ಝಳ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳೋದಿಲ್ಲ. ಎಸಿ ಇದ್ದವರಿಗೆ 43 ಡಿಗ್ರಿ ಒಂದು ಸುದ್ದಿ, ತಗಡಿನ ಮನೆಯವರಿಗೆ ಅದು ರಾತ್ರಿಯ ನಿದ್ದೆ. ಈ ಭಾರ ಯಾರ ಮೇಲೆ ಹೆಚ್ಚು ಬೀಳ್ತದೆ, ತೀರ್ಮಾನ ತಗೊಳ್ಳುವಾಗ ಅವರನ್ನ ಕೇಳಿದ್ರಾ ಅಂತ ವಿಚಾರಿಸೋದೇ ಪರಿಸರ ನ್ಯಾಯ. ಈ ಮಾತು ಜೋರಾಗಿ ಕೇಳಿಬಂದದ್ದು 1982ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಾರೆನ್ ಕೌಂಟಿಯಿಂದ. ಬಡ ಕಪ್ಪು ಜನ ಹೆಚ್ಚಾಗಿ ಇದ್ದ ಆ ಜಾಗಕ್ಕೆ ಸರ್ಕಾರ ವಿಷಕಾರಿ ಮಣ್ಣು ತಂದು ಸುರಿಯಲು ಹೊರಟಾಗ ಜನ ಲಾರಿಗಳ ಮುಂದೆ ಮಲಗಿದ್ರು, ನೂರಾರು ಮಂದಿ ಬಂಧನಕ್ಕೊಳಗಾದ್ರು.

ನಮ್ಮ ದೇಶದ ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರ ತೀರ್ಪಿನಲ್ಲಿ ಇದನ್ನ ಸಂವಿಧಾನಕ್ಕೇ ಜೋಡಿಸಿದೆ. ಎಂ.ಕೆ. ರಂಜಿತ್‌ಸಿಂಹ ಪ್ರಕರಣ ಅಂತಾರೆ. ರಾಜಸ್ಥಾನ, ಗುಜರಾತಿನಲ್ಲಿ ಬಸ್ಟರ್ಡ್ ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಸಾಯೋದರ ಕುರಿತ ಕೇಸು ಅದು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯೋದು ಹಕ್ಕು, ಅದರ ಮೂಲ 21ನೇ ವಿಧಿಯ ಜೀವಿಸುವ ಹಕ್ಕು ಮತ್ತು 14ನೇ ವಿಧಿಯ ಸಮಾನತೆ ಅಂತ ಕೋರ್ಟ್ ಹೇಳಿತು. ಹಕ್ಕಿಯ ಕೇಸಿನಲ್ಲಿ ಮನುಷ್ಯರ ಸಮಾನತೆಯ ಮಾತು ಬಂದದ್ದು ವಿಶೇಷ.

ಕಲಬುರಗಿಗೆ ಇದು ದೂರದ ಸುದ್ದಿ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ಮಿತಿಯೊಳಗೆ ಇಲ್ಲದ ನಗರಗಳು ಅಂತ ಕರ್ನಾಟಕದಿಂದ ಗುರುತಿಸಿದ್ದು ನಾಲ್ಕನ್ನ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ನಮ್ಮ ಕಲಬುರಗಿ. ಆ ಧೂಳು ಯಾರಿಗೆ? ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಲ್ಲೋ ವಿದ್ಯಾರ್ಥಿಗೆ, ರಸ್ತೆ ಬದಿ ಬಂಡಿ ಇಟ್ಟೋರಿಗೆ, ಟ್ರಾಫಿಕ್ ಪೊಲೀಸರಿಗೆ. ಕಾರಿನ ಗ್ಲಾಸು ಏರಿಸಿಕೊಂಡು ಹೋಗೋರಿಗೆ ಅಷ್ಟಿಲ್ಲ.

ಸರಾಸರಿ ಲೆಕ್ಕದಲ್ಲಿ ಸಣ್ಣ ಊರು ಕಾಣೋದಿಲ್ಲ

ಸಮಾನತೆ ಅನ್ನೋದು ಕಲ್ಯಾಣ ಕರ್ನಾಟಕಕ್ಕೆ ಹೊಸ ಶಬ್ದ ಅಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ 114 ಹಿಂದುಳಿದ ತಾಲೂಕುಗಳನ್ನ ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಭಾಗದವು. ಮುಂದೆ 371ಜೆ ಬಂತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು, ರಾಜ್ಯದ ಬೇರೆ ಕಡೆ ಶೇ 8ರಷ್ಟು ಸೀಟು ಸಿಕ್ಕವು. 2023-24ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆ ಆಯ್ತು.

ಇಲ್ಲೊಂದು ಸೂಕ್ಷ್ಮ ಇದೆ. ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿದಾಗ ಕಮಲಾಪುರ ತಾಲೂಕೇ ಇರಲಿಲ್ಲ. 2017ರ ಬಜೆಟ್‌ನಲ್ಲಿ ಘೋಷಣೆಯಾಗೋ ತನಕ ಅದು ಕಲಬುರಗಿ ತಾಲೂಕಿನ ಒಳಗೇ ಇತ್ತು. ಅಂದ್ರೆ ನಗರದ ಆಸ್ಪತ್ರೆ, ಕಾಲೇಜು, ಬ್ಯಾಂಕು ಎಲ್ಲ ಕಮಲಾಪುರದ ಹಳ್ಳಿ-ತಾಂಡಾಗಳ ಲೆಕ್ಕದಲ್ಲೂ ಸೇರಿ ಹೋಗ್ತಿದ್ವು. ಕೆಂಪು ಬಾಳೆಗೆ ಭೌಗೋಳಿಕ ಮಾನ್ಯತೆ ಪಡೆದ ಊರು ಸರ್ಕಾರಿ ಪಟ್ಟಿಯಲ್ಲಿ ನಗರದ ನೆರಳಲ್ಲಿ ಮಾಯ.

ಕಾಲೇಜಿನ ಒಳಗೂ ಇದೇ ಆಗ್ತದೆ. ‘ನಮ್ಮಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಇದೆ’ ಅಂತ ವರದಿಯಲ್ಲಿ ಬರೀತಾರೆ. ಸುಳ್ಳಲ್ಲ, ಇರ್ತದೆ. ಕೆಳಗಿನ ಮಹಡಿಯಲ್ಲಿ, ಕಚೇರಿ ಪಕ್ಕ. ಅಂಗವಿಕಲ ವಿದ್ಯಾರ್ಥಿಗೆ ಅಲ್ಲಿ ಹೋಗಲು ರ‍್ಯಾಂಪ್ ಇದೆಯಾ, ಮಾರ್ಚ್ ನಂತರವೂ ನೀರು ಬರ್ತದಾ ಅನ್ನೋದು ಆ ಒಂದು ಸಾಲಿನಲ್ಲಿ ಗೊತ್ತಾಗೋದಿಲ್ಲ.

ನ್ಯಾಕ್‌ನ 7ನೇ ಮಾನದಂಡ ಓದ್ರಿ

ಕಾಲೇಜುಗಳಿಗೆ ಮಾನ್ಯತೆ ಕೊಡೋ ನ್ಯಾಕ್‌ನ ಕೈಪಿಡಿಯಲ್ಲಿ 7ನೇ ಮಾನದಂಡ ಅಂತ ಒಂದಿದೆ. ಸಾಂಸ್ಥಿಕ ಮೌಲ್ಯ ಮತ್ತು ಉತ್ತಮ ಪದ್ಧತಿ ಅದರ ಹೆಸರು. ಅದರೊಳಗೆ ಏನೇನಿದೆ? ಲಿಂಗ ಸಮಾನತೆ, ಪರ್ಯಾಯ ಇಂಧನ, ಕಸ ವಿಲೇವಾರಿ, ನೀರಿನ ಸಂರಕ್ಷಣೆ, ಹಸಿರು ಆವರಣ, ಪರಿಸರ ಮತ್ತು ಇಂಧನ ಆಡಿಟ್, ಅಂಗವಿಕಲ ಸ್ನೇಹಿ ವ್ಯವಸ್ಥೆ, ಎಲ್ಲ ಭಾಷೆ-ಸಮುದಾಯದವರನ್ನ ಒಳಗೊಳ್ಳೋ ವಾತಾವರಣ. ಎಲ್ಲ ಒಂದೇ ಮಾನದಂಡದ ಅಡಿಯಲ್ಲಿ, ಒಂದರ ಕೆಳಗೆ ಒಂದು.

ಅಂದ್ರೆ ಸಮಾನತೆ ಮತ್ತು ಪರಿಸರ ಎರಡನ್ನೂ ಕೂಡಿಸಿ ನೋಡಬೇಕು ಅನ್ನೋದು ಹೊರಗಿನವರ ಬೇಡಿಕೆ ಏನಲ್ಲ, ಕಾಲೇಜುಗಳು ಈಗಾಗಲೇ ತುಂಬೋ ಫಾರಂನಲ್ಲೇ ಇದೆ. ತೊಂದರೆ ಎಲ್ಲಿ ಅಂದ್ರೆ, ಲಿಂಗ ಸಮಾನತೆಗೆ ಒಂದು ಕಮಿಟಿ, ಹಸಿರಿಗೆ ಇನ್ನೊಂದು, ನ್ಯಾಕ್ ತಂಡ ಬರೋ ಹೊತ್ತಿಗೆ ಎರಡೂ ಫೈಲು ಬೇರೆ ಬೇರೆ. ಹುಡುಗಿಯರ ಶೌಚಾಲಯಕ್ಕೆ ನೀರು ತರೋದು ಯಾವ ಕಮಿಟಿ ಕೆಲಸ? ಎರಡರದ್ದೂ. ಹಂಗಾಗಿ ಒಬ್ಬರದ್ದೂ ಅಲ್ಲ.

ಇನ್ನೊಂದು ತಮಾಷೆ ನೋಡ್ರಿ. ಹಸಿರು ಆವರಣದ ಅಂಶದಲ್ಲಿ ವಾಹನ ಪ್ರವೇಶಕ್ಕೆ ಮಿತಿ, ಸೈಕಲ್ ಅಥವಾ ಬ್ಯಾಟರಿ ವಾಹನ ಬಳಕೆ, ಪಾದಚಾರಿ ದಾರಿ, ಪ್ಲಾಸ್ಟಿಕ್ ನಿಷೇಧ, ಗಿಡಮರ ಅಂತ ಐದು ಕೇಳ್ತಾರೆ. ಸೈಕಲ್ ಒಳ್ಳೆಯದೇ. ಆದರೆ ಕಮಲಾಪುರದಿಂದ ಕಲಬುರಗಿಗೆ ಮೂವತ್ತೈದು ಕಿ.ಮೀ.ಗೂ ಮೇಲೆ. ಅಷ್ಟು ದೂರ ಯಾರು ಸೈಕಲ್ ತುಳೀತಾರೆ? ಬಸ್ಸಿನಲ್ಲಿ ಬರೋ ವಿದ್ಯಾರ್ಥಿಯೇ ಎಲ್ಲರಿಗಿಂತ ಕಮ್ಮಿ ಹೊಗೆ ಬಿಡೋದು. ಆದ್ರೆ ಬಸ್ಸಿನ ಮಾತು ಆ ಐದರಲ್ಲಿ ಇಲ್ಲ.

ಝಳ: ಮೊದಲು ಯಾವ ಕೋಣೆ?

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಆರ್‌ಸಿಸಿ ಛಾವಣಿ ಮಧ್ಯಾಹ್ನದ ಬಿಸಿಲು ಕುಡಿದು ಸಂಜೆ ತನಕ ಕೆಳಗೆ ಉಗುಳ್ತದೆ. ಮೇಲಿನ ಮಹಡಿ, ಪಶ್ಚಿಮದ ಗೋಡೆ ಇರೋ ಕೋಣೆಗಳು ಎಲ್ಲಕ್ಕಿಂತ ಕೆಟ್ಟವು. ಛಾವಣಿಗೆ ಬಿಳಿ ಸುಣ್ಣ ಅಥವಾ ಬಿಸಿಲು ಹಿಂದಕ್ಕೆ ಕಳಿಸೋ ಬಿಳಿ ಬಣ್ಣ ಬಳಿದರೆ ಒಳಗಿನ ಬಿಸಿ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳೀತದೆ. ಅಹಮದಾಬಾದ್ 2013ರಲ್ಲಿ ಝಳದ ವಿರುದ್ಧ ನಗರ ಮಟ್ಟದ ಯೋಜನೆ ಮಾಡಿತು, ಬಿಳಿ ಛಾವಣಿಯನ್ನೂ ಮುಂದೆ ಅದರಲ್ಲಿ ಸೇರಿಸಿತು. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕಂತಲೇ ‘ಕೂಲ್ ರೂಫ್’ ನೀತಿ ತಂದಿದೆ. ಸುಣ್ಣ ಮಳೆಗೆ ತೊಳೆದು ಹೋಗ್ತದೆ, ಹಂಗಾಗಿ ಪ್ರತಿ ವರ್ಷ ಫೆಬ್ರವರಿ ಕೊನೆಗೆ ಬಳಿಯಬೇಕು. ಮೊದಲು ಪ್ರಾಚಾರ್ಯರ ಕೋಣೆಗೆ ಕೂಲರ್ರಾ, ಮೇಲಿನ ಮಹಡಿಗೆ ಸುಣ್ಣನಾ ಅನ್ನೋದು ಕಾಲೇಜಿನ ಯೋಜನೆಯಲ್ಲಿ ತೀರ್ಮಾನ ಆಗಬೇಕಾದ ಮಾತು.

ಗಿಡಗಳದ್ದೂ ಹಂಗೇ. ಗೇಟಿನ ಹತ್ತಿರ ಹುಲ್ಲುಹಾಸು ಫೋಟೊಕ್ಕೆ ಚಂದ, ದಿನಾ ನೀರು ಬೇಡ್ತದೆ. ಪಶ್ಚಿಮ ಗೋಡೆ ಪಕ್ಕ, ಬಸ್ಸಿಗೆ ಕಾಯೋ ಜಾಗದಲ್ಲಿ ಬೇವು, ಹೊಂಗೆ ಹಾಕಿದ್ರೆ ಮೂರ್ನಾಲ್ಕು ವರ್ಷ ಕಾಪಾಡಿದ ಮೇಲೆ ನೆರಳು ಕೊಡ್ತಾವೆ.

ಇನ್ನು ಸಮಯದ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಯೋದು ಎಲ್ಲರಿಗೂ ಗೊತ್ತು. ಕಾಲೇಜೂ ಇದೇ ದಾರಿ ಹಿಡಿದು 8ಕ್ಕೆ ಪಾಠ ಶುರು ಮಾಡಿದ್ರೆ ಝಳ ತಪ್ಪತದೆ, ನಿಜ. ಆದರೆ ಮುಖ್ಯ ರಸ್ತೆಯಿಂದ ಐದಾರು ಕಿ.ಮೀ. ಒಳಗಿರೋ ತಾಂಡಾದ ಹುಡುಗಿ 8ಕ್ಕೆ ಮುಟ್ಟಬೇಕಂದ್ರೆ ಎಷ್ಟಕ್ಕೆ ಮನೆ ಬಿಡಬೇಕು? ಆ ಹೊತ್ತಿಗೆ ಬಸ್ಸಿಲ್ಲದಿದ್ರೆ ಟಂಟಂ, ಅದೂ ಇಲ್ಲದಿದ್ರೆ ಮೊದಲ ಪಿರಿಯಡ್ಡಿಗೆ ಗೈರುಹಾಜರಿ. ಒಳ್ಳೆ ಉದ್ದೇಶದ ಪರಿಸರ ತೀರ್ಮಾನವೂ ಯಾರನ್ನೂ ಕೇಳದೆ ಮಾಡಿದ್ರೆ ದೂರದವರ ತಲೆ ಮೇಲೆ ಬೀಳ್ತದೆ. ಡಿಪೋ ವ್ಯವಸ್ಥಾಪಕರ ಜೊತೆ ಮೊದಲು ಮಾತಾಡಿ, ಆಮೇಲೆ ವೇಳಾಪಟ್ಟಿ ಬದಲಿಸೋದು ಸರಿಯಾದ ಕ್ರಮ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹುಡುಗಿಯರಿಗೆ ಟಿಕೆಟ್ ಖರ್ಚು ಉಳಿದಿದೆ, ಅದು ದೊಡ್ಡ ವಿಷಯ. ಟಿಕೆಟ್ ಉಚಿತ ಆದ ಮೇಲೆ ಉಳಿದ ಪ್ರಶ್ನೆ ಬಸ್ಸಿನ ಸಂಖ್ಯೆ ಮತ್ತು ಸಮಯದ್ದು. ಎಷ್ಟು ವಿದ್ಯಾರ್ಥಿಗಳು ಯಾವ ಊರಿಂದ, ಯಾವ ಹೊತ್ತಿಗೆ ಬರ್ತಾರೆ ಅನ್ನೋ ಪಟ್ಟಿ ಕಾಲೇಜಿನ ಹತ್ತಿರವೇ ಇರ್ತದೆ. ಆ ಪಟ್ಟಿಯನ್ನ ಕೆಕೆಆರ್‌ಟಿಸಿಗೆ ಬರವಣಿಗೆಯಲ್ಲಿ ಕೊಟ್ಟು ಕೇಳೋದಕ್ಕೂ, ಹುಡುಗರು ರಸ್ತೆಗೆ ಕೂತು ಕೇಳೋದಕ್ಕೂ ವ್ಯತ್ಯಾಸ ಇದೆ.

ನೀರು: ಒಂದು ಲೆಕ್ಕ

ಕಲಬುರಗಿ ನಗರಕ್ಕೆ ನೀರು ಭೀಮಾ ನದಿ ಮತ್ತು ಬೆಣ್ಣೆತೊರಾದಿಂದ ಬರ್ತದೆ. ತಾಲೂಕು ಊರುಗಳಲ್ಲಿ ಬೋರ್‌ವೆಲ್ ನಂಬಿದ ಕಾಲೇಜುಗಳಿಗೆ ಬೇಸಿಗೆ ಅಂದ್ರೆ ಪರೀಕ್ಷೆ.

ಛಾವಣಿ ನೀರಿನ ಲೆಕ್ಕ ಹಾಕೋಣ. ನಮ್ಮಲ್ಲಿ ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ. ಕಾಲೇಜಿನ ಛಾವಣಿ 1,000 ಚದರ ಮೀಟರ್ ಇದ್ರೆ, ಸೋರಿಕೆ-ಆವಿ ಅಂತ ಶೇ 20 ಕಳೆದರೂ 6 ಲಕ್ಷ ಲೀಟರ್ ಸಿಗ್ತದೆ. ಆದರೆ ಅದು ಬೀಳೋದು ಜೂನ್‌ನಿಂದ ಅಕ್ಟೋಬರ್ ಒಳಗೆ, ನಮಗೆ ಬೇಕಾದದ್ದು ಮಾರ್ಚ್, ಏಪ್ರಿಲ್‌ಗೆ. ಎಲ್ಲವನ್ನೂ ಕೂಡಿಡೋ ಅಗತ್ಯ ಇಲ್ಲ. 800 ವಿದ್ಯಾರ್ಥಿಗಳಿಗೆ ತಲಾ 2 ಲೀಟರ್ ಕುಡಿಯೋ ನೀರಂದ್ರೆ ದಿನಕ್ಕೆ 1,600 ಲೀಟರ್, 60 ದಿನಕ್ಕೆ 96 ಸಾವಿರ ಲೀಟರ್. 10 ಮೀಟರ್ ಉದ್ದ, 5 ಮೀಟರ್ ಅಗಲ, 2 ಮೀಟರ್ ಆಳದ ಒಂದು ಟಾಕಿಯಲ್ಲಿ 1 ಲಕ್ಷ ಲೀಟರ್ ಹಿಡೀತದೆ. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ಫಿಲ್ಟರ್ ಇರಬೇಕು, ಕತ್ತಲಲ್ಲಿ ಮುಚ್ಚಿಡಬೇಕು, ಕುಡಿಯೋಕೆ ಮುಂಚೆ ಶುದ್ಧ ಮಾಡಬೇಕು. ಉಳಿದ ನೀರನ್ನ ಬೋರ್‌ವೆಲ್ ಪಕ್ಕ ಇಂಗಿಸಬಹುದು.

ಟಾಕಿ ಕಟ್ಟಿದ ಮೇಲೆ ನಲ್ಲಿ ಎಲ್ಲಿ ಇಡ್ತೀರಿ ಅನ್ನೋದರಲ್ಲಿ ನ್ಯಾಯ ಇದೆ. ಹುಡುಗಿಯರ ಶೌಚಾಲಯಕ್ಕೆ ಪೈಪು ಮೊದಲು ಹೋಗ್ಲಿ. ಅಲ್ಲಿ ನೀರಿಲ್ಲದ್ದಕ್ಕೆ ಬೆಳಿಗ್ಗೆಯಿಂದ ಸಂಜೆ ತನಕ ನೀರು ಕುಡಿಯದೇ ಇರೋ ಹುಡುಗಿಯರು ಎಲ್ಲ ಊರಲ್ಲೂ ಇದ್ದಾರೆ. 42 ಡಿಗ್ರಿಯಲ್ಲಿ ಅದು ಮೂತ್ರದ ಸೋಂಕಿಗೆ, ತಲೆಸುತ್ತಿಗೆ ನೇರ ದಾರಿ.

ಗೇಟಿನ ಹೊರಗಿನ ಅಂಗಡಿಯವರು

ಕಾಲೇಜು ‘ಪ್ಲಾಸ್ಟಿಕ್ ಮುಕ್ತ’ ಅಂತ ಬೋರ್ಡ್ ಹಾಕಿದ ಮರುದಿನ ಮೊದಲು ಬೈಸಿಕೊಳ್ಳೋದು ಚಹಾದ ಡಬ್ಬಾ ಅಂಗಡಿಯವರು. ನಿಯಮ ಇರೋದು ಹೌದು: ರಾಜ್ಯದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ತಟ್ಟೆ, ಲೋಟ ನಿಷೇಧ, ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯೋ ಹಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ. ಆದರೆ ಹೋಲ್‌ಸೇಲ್‌ನಲ್ಲಿ ಮಾಲು ಸಿಗ್ತಾ ಇದ್ದಾಗ ಬರೀ ಕೊನೆಯ ಅಂಗಡಿಯವನಿಗೆ ದಂಡ ಹಾಕಿದ್ರೆ ಅದು ಪರಿಸರ ಕಾಳಜಿ ಅನ್ನೋದಕ್ಕಿಂತ ಬಡವನ ಮೇಲಿನ ಸಿಟ್ಟು ಅನ್ನಿಸ್ತದೆ. ಕಾಗದದ ಕಪ್ಪು ಪರಿಹಾರ ಅಂತಾರೆ, ಅದರ ಒಳಗೂ ತೆಳ್ಳನೆ ಪ್ಲಾಸ್ಟಿಕ್ ಪದರ ಇರ್ತದೆ. ಸ್ಟೀಲ್ ಅಥವಾ ಗಾಜಿನ ಗ್ಲಾಸು ಒಳ್ಳೆಯದು, ಆದರೆ ತೊಳೆಯೋಕೆ ನೀರು ಬೇಕು. ಕಾಲೇಜಿನ ಕಾಂಪೌಂಡಿನ ಹೊರಮುಖಕ್ಕೆ ಒಂದು ನಲ್ಲಿ ಕೊಟ್ಟರೆ ನಾಲ್ಕು ಅಂಗಡಿಯವರು ಗ್ಲಾಸಿಗೆ ಬದಲಾಗಬಹುದು. ಯೋಜನೆ ಬರೆಯೋ ಸಭೆಗೆ ಅಂಗಡಿಯವರಲ್ಲೂ ಇಬ್ಬರನ್ನ ಕರೀರಿ ಅಂತ ಕೇಳೋದು ತಪ್ಪೇನಲ್ಲ. ಕಮಲಾಪುರದ ಬಾಳೆಹಣ್ಣು, ಜೋಳದ ರೊಟ್ಟಿ ಕಾಲೇಜಿನ ಕ್ಯಾಂಟೀನಿಗೆ ಬಂದ್ರೆ ಪ್ಯಾಕೆಟ್ ಕಸವೂ ಕಮ್ಮಿ, ಊರ ದುಡ್ಡೂ ಊರಲ್ಲೇ.

ಕಸದ ಇನ್ನೊಂದು ತುದಿಯಲ್ಲಿ ಗುಡಿಸೋರು ಇದ್ದಾರೆ. ಘನತ್ಯಾಜ್ಯ ನಿಯಮದ ಪ್ರಕಾರ ಹಸಿ, ಒಣ ಕಸ ಬೇರೆ ಮಾಡಬೇಕು, ಬಯಲಲ್ಲಿ ಸುಡಬಾರದು. ಕಾಲೇಜಿನ ಹಿಂಬದಿ ಮೂಲೆಯಲ್ಲಿ ಸುಡೋ ಹೊಗೆ ಹಿಂದಿನ ಓಣಿಯವರ ಮನೆಗೆ ಹೋಗ್ತದೆ. ಸ್ಯಾನಿಟರಿ ಪ್ಯಾಡ್ ಕಾಗದದಲ್ಲಿ ಸುತ್ತಿ ಬೇರೆ ಕೊಡದಿದ್ರೆ ಗುಡಿಸೋ ಹೆಂಗಸು ಬರಿಗೈಲಿ ಎತ್ತಬೇಕಾಗ್ತದೆ. ಗ್ಲೌಸು, ಸಾಬೂನು, ಅವರಿಗೂ ಕೂರಲು ಒಂದು ನೆರಳು: ‘ಹಸಿರು ಆಡಿಟ್’ನಲ್ಲಿ ಗಿಡ ಎಣಿಸೋರು ಇದನ್ನೂ ಎಣಿಸ್ಲಿ. ಶೌಚಗುಂಡಿಗೆ ಮನುಷ್ಯರನ್ನ ಇಳಿಸೋದಂತೂ 2013ರ ಕಾಯ್ದೆ ಪ್ರಕಾರ ಅಪರಾಧ, ಕಾಲೇಜಾದ್ರೂ ಅಷ್ಟೇ.

ಸೋಲಾರ್ ಉಳಿತಾಯ, ಸೋಲಾರ್ ಉದ್ಯೋಗ

1 ಕಿಲೋವಾಟ್ ಸೋಲಾರ್‌ಗೆ ಸುಮಾರು 100 ಚದರ ಅಡಿ ಬಿಸಿಲಿನ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರ್ತದೆ. 10 ಕಿಲೋವಾಟ್ ಇದ್ರೆ ವರ್ಷಕ್ಕೆ 14 ಸಾವಿರ ಯೂನಿಟ್ ಆಸುಪಾಸು. ಜೊತೆಗೆ ಪ್ಯಾನೆಲ್ ಛಾವಣಿಗೆ ನೆರಳನ್ನೂ ಕೊಡ್ತದೆ. ಜೆಸ್ಕಾಂ ಬಿಲ್ಲಿನಲ್ಲಿ ಉಳಿದ ದುಡ್ಡು ಎಲ್ಲಿಗೆ ಹೋಗ್ತದೆ ಅಂತ ಯೋಜನೆಯಲ್ಲೇ ಬರೆದಿದ್ರೆ ಒಳ್ಳೆಯದು. ರೂಮು ಮಾಡಿಕೊಂಡು ಓದೋ ಹುಡುಗರಿಗೆ ಸಂಜೆ ತನಕ ಗ್ರಂಥಾಲಯ ತೆರೆದಿಡೋಕೆ ಅದನ್ನ ಬಳಸಬಹುದು. ಇನ್ನು ಪ್ಯಾನೆಲ್ ಕೂರಿಸೋ, ರಿಪೇರಿ ಮಾಡೋ ಕೆಲಸಕ್ಕೆ ಕೇಂದ್ರದ ‘ಸೂರ್ಯಮಿತ್ರ’ ತರಬೇತಿ 2015ರಿಂದ ಇದೆ. ಐಟಿಐ, ಪಾಲಿಟೆಕ್ನಿಕ್ ಹುಡುಗ-ಹುಡುಗಿಯರಿಗೆ ಇದರ ಮಾಹಿತಿ ಮುಟ್ಟಿಸೋದೂ ಪರಿಸರ ಯೋಜನೆಯ ಭಾಗವೇ.

ಯಾರನ್ನ ಕೇಳಬೇಕು, ಹೆಂಗೆ ಕೇಳಬೇಕು

ಶುರು ಮಾಡೋಕೆ ದುಡ್ಡು ಬೇಡ, ಒಂದು ಪುಟದ ಪ್ರಶ್ನೆ ಪಟ್ಟಿ ಸಾಕು. ಎಷ್ಟಕ್ಕೆ ಮನೆ ಬಿಡ್ತೀರಿ, ಬಸ್ಸಿಗೆ ಎಷ್ಟು ಹೊತ್ತು ಕಾಯ್ತೀರಿ, ಕಾಲೇಜಲ್ಲಿ ನೀರು ಕುಡೀತೀರಾ ಇಲ್ಲಾ ಯಾಕೆ, ಯಾವ ಕೋಣೆಯಲ್ಲಿ ಕೂರೋಕಾಗಲ್ಲ, ಯಾವ ತಿಂಗಳು ಹೆಚ್ಚು ಗೈರು ಆಗ್ತೀರಿ. ಕನ್ನಡದ ಜೊತೆ ಉರ್ದು, ಲಂಬಾಣಿ ಮಾತಾಡೋ ಹುಡುಗರು ಕೂತು ಕೇಳಿದ್ರೆ ಉತ್ತರ ಸರಿಯಾಗಿ ಬರ್ತದೆ. ಪದವಿಯಲ್ಲಿ ಪರಿಸರ ಅಧ್ಯಯನ ಓದಿಸಬೇಕು ಅನ್ನೋದು ಸುಪ್ರೀಂ ಕೋರ್ಟ್ ನಿರ್ದೇಶನದ ಮೇಲೆ ಎರಡು ದಶಕದಿಂದ ಇದೆ, ಅದರ ಪ್ರಾಜೆಕ್ಟ್ ಅಂತಲೇ ಈ ಸಮೀಕ್ಷೆ ಮಾಡಿಸಬಹುದು. ಎನ್ನೆಸ್ಸೆಸ್ ಘಟಕದ ಏಳು ದಿನದ ಶಿಬಿರ ಇದೆ, ಹಳ್ಳಿಗಳನ್ನ ದತ್ತು ತಗೊಳ್ಳೋ ಉನ್ನತ ಭಾರತ ಅಭಿಯಾನ ಇದೆ.

ಪೋಷಕರು, ಹಳೆ ವಿದ್ಯಾರ್ಥಿಗಳು, ಅಂಗಡಿಯವರು ಮೊದಲು ಕಾಲೇಜಿನ ವೆಬ್‌ಸೈಟಿನಲ್ಲಿ ವಾರ್ಷಿಕ ಗುಣಮಟ್ಟ ವರದಿ ಹುಡುಕ್ರಿ, 7ನೇ ಮಾನದಂಡದ ಪುಟ ತೆಗೀರಿ. ನ್ಯಾಕ್ ತನ್ನ ಗ್ರೇಡ್ ಪದ್ಧತಿ ಬದಲಿಸೋದಾಗಿ 2024ರಲ್ಲಿ ಹೇಳಿದ್ರೂ, ಈಗಾಗಲೇ ಕೊಟ್ಟ ವರದಿಗಳು ದಾಖಲೆಯೇ. ಅಲ್ಲಿ ಬರೆದದ್ದು ಕಣ್ಣಿಗೆ ಕಾಣ್ತದಾ ಅಂತ ಹೋಗಿ ನೋಡ್ರಿ. ಕಾಣದಿದ್ರೆ ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶಕ್ಕೆ, ಆಮೇಲೆ ಕಾಲೇಜು ಅಭಿವೃದ್ಧಿ ಸಮಿತಿಗೆ ಬರೀರಿ. ಬೇಸಿಗೆ ಕೆಲಸದ ಮನವಿ ಡಿಸೆಂಬರ್-ಜನವರಿಯಲ್ಲೇ ಕೊಟ್ಟರೆ ಫೆಬ್ರವರಿಗೆ ಛಾವಣಿಗೆ ಸುಣ್ಣ ಬೀಳ್ತದೆ, ಮೇ ತಿಂಗಳಲ್ಲಿ ಕೊಟ್ಟರೆ ಮುಂದಿನ ವರ್ಷದ ಮಾತು.

ಉತ್ತರ ಬರದಿದ್ರೆ ಮಾಹಿತಿ ಹಕ್ಕು ಇದ್ದೇ ಇದೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಿಗೆ ಅನ್ವಯ ಆಗ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಂಗಾಗಿ ‘ಕಳೆದ ಮೂರು ವರ್ಷದ ಹಸಿರು ಆಡಿಟ್ ವರದಿ ಪ್ರತಿ ಕೊಡಿ’ ಅಂತ ನೇರ ಬರೀರಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಆ 10 ರೂಪಾಯಿಯೂ ಇಲ್ಲ, ಅರ್ಜಿ ಜೊತೆ ಕಾರ್ಡಿನ ಜೆರಾಕ್ಸ್ ಇಡಬೇಕು.